ಒಂಟಿ ಅಡಿಕೆ

ನಮ್ಮಣ್ಣ ನಾಗರಾಜಪ್ಪನಿಗೆ ಜಗತ್ತಿನ ಮೇಲೆ ಅನುಮಾನ ಶುರುವಾದದ್ದು ಸೂಳೆಕೆರೆಯ ಏರಿಯ ಮೇಲೆ. ಅದಕ್ಕೆ ಮೊದಲೇ ಶುರುವಾಗಿತ್ತೋ ಏನೋ, ನಮಗೆ ಹೇಳಿದ್ದು ಅಲ್ಲಿ. ಅನುಮಾನ ನಮ್ಮ ಮನೆತನಕ್ಕೇ ಅಂಟಿಕೊಂಡ ಗುಣ. ನಮ್ಮಪ್ಪ ಹಾಲಿನವಳ ಎದುರೇ ಹಾಲಿಗೆ ಬೆರಳು ಅದ್ದಿ ನೋಡುತ್ತಿದ್ದ. ನಾನೂ ಏನು ಕಡಿಮೆಯಿಲ್ಲ, ಬಸ್ಸಿನ ಬೋರ್ಡು ಓದಿದ ಮೇಲೂ ಕಂಡಕ್ಟರನನ್ನು ಕೇಳಿಯೇ ಹತ್ತುವವಳು.

ಎಪ್ಪತ್ತೈದರ ಚಳಿಗಾಲ. ನಾಲ್ವರು ಬುತ್ತಿ ಕಟ್ಟಿಕೊಂಡು ಕೆರೆಗೆ ಹೋಗಿದ್ದೆವು. ಚನ್ನಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಅಣ್ಣ, ಅವನ ಜೊತೆ ದಾವಣಗೆರೆಯಲ್ಲಿ ಓದಿದ ಇಬ್ಬರು ಮೇಷ್ಟ್ರುಗಳು, ಹೊನ್ನಾಳಿಯ ಹಾಲಸ್ವಾಮಿ ಮತ್ತು ಜಗಳೂರಿನ ಪಾಲಣ್ಣ. ನಾಲ್ಕನೆಯವಳು ನಾನು, ರುದ್ರಾಣಿ. ನನ್ನನ್ನು ಕೊಟ್ಟಿದ್ದು ನ್ಯಾಮತಿಗೆ. ಅಲ್ಲಿಯ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳಿಗೆ ಲೆಕ್ಕ ಹೇಳುತ್ತಿದ್ದೆ.

ಊಟ ನಡೆದಿರುವಾಗ ಅಣ್ಣ ಒಂದು ಕಲ್ಲನ್ನು ನೀರಿಗೆ ಎಸೆದ. ಅಲೆ ಬಂದು ನಮ್ಮ ಕಾಲ ಕೆಳಗಿನ ಕಲ್ಲುಕಟ್ಟಡಕ್ಕೆ ತಾಗಿತು.

"ಅಲ್ಲಿ ಬಿದ್ದ ಕಲ್ಲಿಂದ ಇಲ್ಲಿಗೇನು ಬಂತು?" ಎಂದ.

"ಅಲೆ ಬಂತು," ಎಂದರು ಹಾಲಸ್ವಾಮಿ. ಅವರ ಬಾಯಿತುಂಬ ರೊಟ್ಟಿಯಿತ್ತು.

"ನೀರು ಬಂತೇನು?"

"ನೀರು ಎಲ್ಲಿತ್ತೋ ಅಲ್ಲೇ ಐತೆ. ಎದ್ದು ಕೂರ್ತದೆ ಅಷ್ಟೆ."

"ಹಂಗಾದ್ರೆ ಬಂದಿದ್ದು ಬರೀ ಸುದ್ದಿ. ಪಕ್ಕದ ನೀರು ಎದ್ದಿದ್ದು ನೋಡಿ ಇದು ಏಳ್ತು, ಇದನ್ನ ನೋಡಿ ಮುಂದಿಂದು ಏಳ್ತು. ಇಡೀ ಜಗತ್ತು ಹಿಂಗೇ ಐತೆ ಅಂತೀನಿ ನಾನು."

ಆಮೇಲೆ ಅವನು ಬಿಡಿಸಿ ಹೇಳಿದ. ಜಾಗ ಅನ್ನುವುದು ನಮಗೆ ಕಾಣುವಂತೆ ಒಂದೇ ಸಮನೆ ಹಾಸಿದ ಬಟ್ಟೆಯಲ್ಲವಂತೆ, ಕಣ್ಣಿಗೆ ಕಾಣದಷ್ಟು ಸಣ್ಣ ಮನೆಗಳಂತೆ. ಒಂದೊಂದು ಮನೆಯೂ ತನ್ನ ಅಕ್ಕಪಕ್ಕದ ಮನೆಗಳನ್ನು ನೋಡಿ, ಮುಂದಿನ ಗಳಿಗೆಗೆ ತಾನು ಏನಾಗಬೇಕೆಂದು ಲೆಕ್ಕ ಹಾಕಿಕೊಳ್ಳುತ್ತದಂತೆ. ಕಲ್ಲು, ಬೆಳಕು, ಸೂಳೆಕೆರೆ, ಹಾಲಸ್ವಾಮಿ, ಎಲ್ಲವೂ ಮನೆಯಿಂದ ಮನೆಗೆ ದಾಟುವ ಸುದ್ದಿಯಂತೆ. ಜರ್ಮನಿಯ ಒಬ್ಬ ಇಂಜಿನಿಯರ್ ಹೀಗೆ ಹೇಳಿದ್ದಾನೆಂದು ದಾವಣಗೆರೆಯ ಲೈಬ್ರರಿಯಲ್ಲಿ ಓದಿಕೊಂಡು ಬಂದಿದ್ದ.

"ಲೆಕ್ಕ ಅಂದಮೇಲೆ ಮಾಡೋರು ಬೇಕಲ್ಲ ಅಣ್ಣ. ಯಾರು ಮಾಡ್ತಾರೆ?" ಎಂದೆ.

"ಈ ಅಲೇನ ಯಾರು ಮಾಡ್ತಾರೆ? ಯಾರೂ ಇಲ್ಲ. ನಿಯಮ ಐತೆ, ನಡೀತೈತೆ. ಹೊರಗಿಂದ ಕೈ ಹಾಕೋರು ಯಾರೂ ಇಲ್ಲ ಇಲ್ಲಿ."

"ಶಿವನೂ ಇಲ್ಲೇನು?" ಎಂದರು ಪಾಲಣ್ಣ. ಅವರು ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು.

"ಇದ್ರೆ ನಿಯಮದ ಒಳಗೇ ಇರ್ತಾನೆ," ಎಂದ ಅಣ್ಣ.

ನನಗೆ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ಪಿಯುಸಿಯಲ್ಲಿ ಅಣ್ಣನಿಗಿಂತ ಹೆಚ್ಚು ಅಂಕ ತೆಗೆದಿದ್ದೆ. ಆದರೂ ಅಪ್ಪ ಅವನನ್ನು ಬಿಎಸ್ಸಿಗೆ ಕಳಿಸಿ ನನಗೆ ಮದುವೆ ಮಾಡಿದ. ಎಲ್ಲವೂ ನಿಯಮದಂತೆ ನಡೆಯುವುದಾದರೆ ಅದೂ ಕೆರೆಯ ಅಲೆಯಷ್ಟೇ ಸಹಜವಾಗಿಬಿಡುತ್ತದೆ, ಯಾರನ್ನೂ ಕೇಳುವ ಹಾಗಿಲ್ಲ. ಓದಿಸಲು ಅಪ್ಪನಿಗೆ ಮನಸ್ಸಿರಲಿಲ್ಲ, ಅದಕ್ಕೆ ಬಿಡಿಸಿದ. ಆವತ್ತು ಅಣ್ಣ ಪಕ್ಕದಲ್ಲೇ ಕೂತಿದ್ದ, ನನ್ನ ಪರ ಒಂದು ಮಾತು ಆಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ, ಸುಳ್ಳೇಕೆ ಹೇಳಲಿ.

ಸಂಕ್ರಾಂತಿ ಕಳೆಯುವಷ್ಟರಲ್ಲಿ ಅಣ್ಣ ಬಡಗಿಯಿಂದ ಒಂದು ದೊಡ್ಡ ಹಲಗೆ ಮಾಡಿಸಿ ಅದರ ಮೇಲೆ ಚೌಕಗಳನ್ನು ಬರೆಸಿದ್ದ. ಚೌಕಾಬಾರದಲ್ಲಿ ಹೇಳುವಂತೆ ಒಂದೊಂದು ಚೌಕಕ್ಕೂ ಮನೆ ಎನ್ನುತ್ತಿದ್ದ. ಅಡಿಕೆ ಇಟ್ಟ ಮನೆಗೆ ಜೀವ ಇದೆ, ಖಾಲಿ ಮನೆಗೆ ಇಲ್ಲ. ಒಂದು ಮನೆಗೆ ಸುತ್ತ ಎಂಟು ನೆರೆಮನೆ. ಜೀವವಿರುವ ಮನೆಗೆ ಅಂಥವೇ ನೆರೆಯವರು ಇಬ್ಬರೋ ಮೂವರೋ ಇದ್ದರೆ ಅದು ಮುಂದಿನ ಹೆಜ್ಜೆಗೂ ಬದುಕುತ್ತದೆ. ಒಂಟಿಯಾದರೆ ಸಾಯುತ್ತದೆ, ಜೊತೆಗೆ ಒಬ್ಬರೇ ಇದ್ದರೂ ಸಾಯುತ್ತದೆ. ಮೂರಕ್ಕಿಂತ ಹೆಚ್ಚಾದರೆ ಉಸಿರುಕಟ್ಟಿ ಸಾಯುತ್ತದೆ. ಖಾಲಿ ಮನೆಯ ಸುತ್ತ ಸರಿಯಾಗಿ ಮೂವರಿದ್ದರೆ ಅಲ್ಲಿ ಹೊಸದೊಂದು ಹುಟ್ಟುತ್ತದೆ. ಇಷ್ಟೇ ನಿಯಮ. ಇದೂ ಅವನದಲ್ಲ, ಪರದೇಶದ ಒಂದು ಪತ್ರಿಕೆಯಲ್ಲಿ ಬಂದಿದ್ದು.

ಇಷ್ಟೇ ನಿಯಮದಿಂದ ಹಲಗೆಯ ಮೇಲೆ ಏನೇನೋ ಆಗುತ್ತಿತ್ತು. ಕೆಲವು ಗುಂಪುಗಳು ಕಲ್ಲಿನಂತೆ ಕೂತುಬಿಡುತ್ತಿದ್ದವು, ಕೆಲವು ಕಣ್ಣು ಮಿಟುಕಿಸುತ್ತಿದ್ದವು. ಐದು ಅಡಿಕೆಯ ಒಂದು ಆಕಾರವಂತೂ ಓರೆಯಾಗಿ ನಡೆದುಕೊಂಡು ಹೋಗುತ್ತಿತ್ತು. ಯಾವ ಅಡಿಕೆಯೂ ನಡೆಯುವುದಿಲ್ಲ, ಆಕಾರ ಮಾತ್ರ ನಡೆಯುತ್ತದೆ. ಮೊದಲ ಸಲ ನೋಡಿದಾಗ ನನಗೆ ಮೈ ಜುಂ ಎಂದಿತು.

"ನಾವೂ ಹಿಂಗೇ ನಡಿಯೋದು," ಎಂದ ಅಣ್ಣ.

"ಅಡಿಕೆ ಆಟ ತೋರ್ಸಿ ಜಗತ್ತೇ ಹಿಂಗೆ ಅಂದ್ರೆ ನಂಬೋದೆಂಗೋ ಮಾರಾಯ?" ಎಂದರು ಹಾಲಸ್ವಾಮಿ.

"ನಂಬಬ್ಯಾಡ್ರಿ. ಅನುಮಾನ ಪಡ್ರಿ, ಸಾಕು."

ಹಾಗೆ ಹೇಳಿದವನೇ ಬೇಸಿಗೆ ರಜೆಗೆ ಒಂದು ಪರೀಕ್ಷೆ ಇಟ್ಟ. ನಾಲ್ವರೂ ಅವರವರ ಊರಿನಲ್ಲಿ ಒಂದೇ ಆಕಾರದಿಂದ ಶುರು ಮಾಡಬೇಕು. ಬೆಳಗ್ಗೆ ಒಂದು ಹೆಜ್ಜೆ, ಸಂಜೆ ಒಂದು ಹೆಜ್ಜೆ. ಪ್ರತಿ ಹೆಜ್ಜೆಯ ಚಿತ್ರವನ್ನೂ ಗ್ರಾಫ್ ಹಾಳೆಯಲ್ಲಿ ಬರೆದಿಡಬೇಕು. ಶಾಲೆ ಶುರುವಾಗುವ ತನಕ ಒಬ್ಬರದನ್ನು ಒಬ್ಬರು ನೋಡಬಾರದು. ಕೊನೆಗೆ ನಾಲ್ಕೂ ಒಂದೇ ಬರಬೇಕು. ಕೈ ಯಾರದೇ ಇರಲಿ, ಊರು ಯಾವುದೇ ಇರಲಿ, ನಿಯಮ ಒಂದೇ ಇದ್ದರೆ ಜಗತ್ತೂ ಒಂದೇ ಎಂದು ಅವನು ದಾವಣಗೆರೆಯಲ್ಲಿ ವಿಜ್ಞಾನ ಮೇಷ್ಟ್ರುಗಳ ಸಭೆಯಲ್ಲಿ ನಾಲ್ಕು ಹಲಗೆ ಇಟ್ಟು ತೋರಿಸಬೇಕಿತ್ತು. ಸಭೆಯವರು ಹೂಂ ಅಂದೂ ಆಗಿತ್ತು.

ನಾನು ಹುಣಸೆಬೀಜ ಇಟ್ಟುಕೊಂಡೆ. ಹಾಲಸ್ವಾಮಿ ಹೊಳೆದಂಡೆಯಿಂದ ಕಪ್ಪೆಚಿಪ್ಪು ಆರಿಸಿ ತಂದರು. ಪಾಲಣ್ಣ ಶೇಂಗಾ ಇಟ್ಟಿದ್ದರು, ಮನೆಯವರು ತಿಂದುಬಿಟ್ಟರೆಂದು ಆಮೇಲೆ ಕಲ್ಲಿಗೆ ಬಂದರು. ಅಣ್ಣನದು ಮಾತ್ರ ಮಂಡಿಯಲ್ಲಿ ಬೆಲೆ ಬಾರದ ಗೊರಬಲು ಅಡಿಕೆ. ಹಲಗೆಯನ್ನು ಅವನು ದೇವರ ಮನೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಇಟ್ಟಿದ್ದ. ಮಕ್ಕಳು ಅಲ್ಲಿಗೆ ಹೋಗುವುದಿಲ್ಲವೆಂದು.

ಬಸವ ಜಯಂತಿಗೆ ನಾನು ತವರಿಗೆ ಹೋದಾಗ ಆ ಕೋಣೆಗೆ ಚಿಲಕ ಹಾಕಿತ್ತು. ಅಣ್ಣ ನನ್ನನ್ನು ಹೊಸ್ತಿಲು ದಾಟಲು ಬಿಡಲಿಲ್ಲ. ಹೊರಗೆ ಪಡಸಾಲೆಯಲ್ಲಿ ಮಂಡಿಯ ಕಲ್ಲೇಶಪ್ಪ ಬಂದು ಕೂತಿದ್ದರು. ನಾಗರಾಜಪ್ಪ ಮೇಷ್ಟ್ರು ಅಡಿಕೆ ಇಟ್ಟು ಮುಂದಿನ ಧಾರಣೆ ನೋಡುತ್ತಾರೆಂದು ಊರಲ್ಲೆಲ್ಲ ಸುದ್ದಿಯಾಗಿತ್ತು.

"ಏರ್ತದೋ ಇಳೀತದೋ, ಅಷ್ಟು ಹೇಳಿಬಿಡ್ರಿ ಮೇಷ್ಟ್ರೇ."

"ಇದು ಧಾರಣೆ ಲೆಕ್ಕ ಅಲ್ರಿ ಕಲ್ಲೇಶಪ್ಪಾರೆ."

"ಹೇಳಾಕೆ ಮನಸ್ಸಿಲ್ಲ ಅನ್ರಿ," ಎಂದು ಅವರು ಎದ್ದರು. ಹೋಗುವಾಗ ಅವ್ವನ ಕಡೆ ತಿರುಗಿ, "ಎಂಥಾ ತಲೆ ಐತವ್ವ ನಿನ್ನ ಮಗಂದು!" ಎಂದರು. ಅವ್ವ ಕಲ್ಲಮ್ಮ ನಗಲಿಲ್ಲ. ಅವಳ ಮುಖ ಸಣ್ಣದಾಯಿತು.

"ದಿನಾ ಒಬ್ರಲ್ಲ ಒಬ್ರು ಬಂದು ಹಿಂಗೇ ಬಾಯಿ ಬಿಟ್ಕೊಂಡು ನೋಡ್ತಾರೆ," ಎಂದು ನನ್ನ ಬಳಿ ಗೊಣಗಿದಳು. ಅದು ಎಮರ್ಜೆನ್ಸಿಯ ಕಾಲ, ಒಬ್ಬ ಪೊಲೀಸಪ್ಪನೂ ಬಂದು ಕಿಟಕಿಯಿಂದ ಇಣುಕಿ, ಏನ್ರೀ ಇದು ಗುಪ್ತ ಲಿಪಿ ಎಂದು ಕೇಳಿ ಹೋಗಿದ್ದನಂತೆ.

ಜೂನ್ ತಿಂಗಳಲ್ಲಿ ನಾವು ಮೂವರೂ ಹಾಳೆ ಸುತ್ತಿಕೊಂಡು ಚನ್ನಗಿರಿಗೆ ಹೋದೆವು. ಅವ್ವ ಸೀಮಂತಕ್ಕೆಂದು ನಲ್ಲೂರಿಗೆ ಹೋಗಿದ್ದಳು. ಅತ್ತಿಗೆ ನಿರ್ಮಲಮ್ಮ ಮಂಡಕ್ಕಿ ಮೆಣಸಿನಕಾಯಿ ತಂದಿಟ್ಟು ಒಳಗೆ ಹೋದಳು. ಅಣ್ಣ ಕೊನೆಯ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹಾಸಿದ.

ಹೊನ್ನಾಳಿ, ನ್ಯಾಮತಿ, ಜಗಳೂರು ಮೂರೂ ಒಂದೇ ಅಚ್ಚಿನಲ್ಲಿ ಒತ್ತಿದಂತಿದ್ದವು. ಚನ್ನಗಿರಿಯದು ಬೇರೆಯೇ ಊರು.

ಯಾರೂ ಮಂಡಕ್ಕಿಗೆ ಕೈ ಹಾಕಲಿಲ್ಲ. ಅಣ್ಣ ಮೊದಲು ಮೂವರ ಹಾಳೆಗಳನ್ನೂ ಮೂಸಿ ನೋಡುವಂತೆ ನೋಡಿದ. ಮೂವರೂ ಸೇರಿಕೊಂಡು ಒಂದೇ ಕಡೆಯಿಂದ ನಕಲು ಮಾಡಿದಿರಾ ಎಂದು ಕೇಳಿದ. ಹಾಲಸ್ವಾಮಿ ಜೋರಾಗಿ ನಕ್ಕರು, ಆಮೇಲೆ ಅವನು ಹುಡುಗಾಟಕ್ಕೆ ಹೇಳಿದ್ದಲ್ಲವೆಂದು ಗೊತ್ತಾಗಿ ಸುಮ್ಮನಾದರು. ಪಾಲಣ್ಣ ಮಾತ್ರ ಹಾಳೆಗಳನ್ನು ಒಂದೊಂದಾಗಿ ಹಿಂದಕ್ಕೆ ಮಗುಚುತ್ತ ಹೋದರು. ಒಂದು ಕಡೆ ನಿಂತರು.

"ಇಲ್ಲೀಮಟ ನಾಲ್ಕೂ ಸರಿ ಅದಾವೆ. ಜಯಂತಿ ದಿನ ಸಂಜೆ ಚಿತ್ರಕ್ಕೂ ಮಾರನೇ ದಿನ ಬೆಳಿಗ್ಗೆ ಚಿತ್ರಕ್ಕೂ ನಿಂದು ತಾಳೆ ಆಗಲ್ಲ ನಾಗರಾಜಪ್ಪ."

"ನಾನು ಎಣಿಸಾಕೆ ತಪ್ಪಲ್ಲ," ಎಂದ ಅಣ್ಣ.

"ಹಿಂದೆ ಯಾವಾಗಾದ್ರೂ ಏನಾರ ಹೆಚ್ಚುಕಡಿಮೆ ಆಗಿತ್ತೇನು?"

"ಜಯಂತಿಗೆ ಮುಂಚೆ ಒಂದು ದಿನ ಮೂಲೆ ಮನ್ಯಾಗೆ ಒಂದು ಅಡಿಕೆ ಇತ್ತು. ಇಲಿ ತಂದಿರ್ಬೇಕು. ಒಂಟಿ ಅಡಿಕೆ, ನಿಯಮಾನೇ ಅದನ್ನ ತೆಗೀತು. ಅದ್ರಿಂದೇನೂ ಆಗಿಲ್ಲ." ಅಷ್ಟು ಹೇಳಿ ಅಣ್ಣ ತಟ್ಟನೆ ತಲೆಯೆತ್ತಿ ನನ್ನನ್ನು ನೋಡಿದ. "ಜಯಂತಿ ದಿನ ರಾತ್ರಿ ನೀನು ಇಲ್ಲೇ ಮಲಗಿದ್ದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನಾನು ಮುಟ್ಟಿಲ್ಲ ಅಣ್ಣ."

"ಈ ಮನ್ಯಾಗೆ ನಿಯಮ ಗೊತ್ತಿರೋದು ನನಗೆ, ಬಿಟ್ರೆ ನಿನಗೆ. ಯಾವ ಅಡಿಕೆ ಸರಿಸಿದ್ರೆ ಎಲ್ಲಾ ಕೆಡ್ತದೆ ಅಂತ ತಿಳಿಯೋದೂ ನಿನಗೇ. ಓದು ಬಿಡ್ಸಿದ ಸಿಟ್ಟನ್ನ ಹಿಂಗೆ ತೀರಿಸ್ಕೊಂಡ್ಯಾ? ನಾಲ್ಕು ಜನದ ಮುಂದೆ ನನ್ನ ಮುಖಕ್ಕೆ ಮಸಿ ಬಳೀಬೇಕು ಅಂತ?"

"ನಾನು ಮುಟ್ಟಿಲ್ಲ ಅಂದೆನಲ್ಲ."

"ಮತ್ಯಾರು? ಲೆಕ್ಕ ಹಾಕಿ ನೀನೇ ಹೇಳು."

ಹಾಲಸ್ವಾಮಿ ಏನೋ ಸಮಾಧಾನ ಹೇಳಲು ಬಂದರು. ನಾನು ನಿಲ್ಲಲಿಲ್ಲ. ತಾಳೆಯಾಗದ ಆ ಎರಡು ಹಾಳೆಗಳನ್ನು ಪಾಲಣ್ಣನ ಕೈಯಿಂದ ಕಿತ್ತುಕೊಂಡು ಚಪ್ಪಲಿ ಮೆಟ್ಟಿ ಹೊರಟೆ. ಬಸ್ಸಿನಲ್ಲಿ ಕೂತ ಮೇಲೆ ಅಳು ಬಂತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಾಗ ಮುಚ್ಚಿಕೊಂಡಿದ್ದ ಬಾಯಿ ನನ್ನನ್ನು ಕಳ್ಳಿ ಎನ್ನಲು ತೆರೆಯಿತಲ್ಲ.

ದಾವಣಗೆರೆಯ ಸಭೆಗೆ ಅಣ್ಣ ಹೋಗಲಿಲ್ಲವೆಂದು ಹಾಲಸ್ವಾಮಿ ನ್ಯಾಮತಿಗೆ ಬಂದಾಗ ಹೇಳಿದರು. ಅವರ ಜೊತೆಗೂ ಅಣ್ಣ ಮಾತು ಬಿಟ್ಟಿದ್ದ. ಪಾಲಣ್ಣನ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದನಂತೆ.

ನನ್ನ ಯಜಮಾನರು ಬಸವರಾಜಪ್ಪ ಜವಳಿ ಅಂಗಡಿಯವರು. ಯಾವುದನ್ನೂ ಎಳೆದು ಹರಿಯುವವರಲ್ಲ.

"ಒಂದು ಅಡಿಕೆಗೋಸ್ಕರ ತವರು ಬಿಡ್ತೀಯೇನೇ?" ಎಂದರು.

"ಅಡಿಕೆಗಲ್ಲ ರೀ. ಮಾತಿಗೆ. ನನ್ನ ಮಾತಿಗೆ ಒಂದು ಗೊರಬಲು ಅಡಿಕೆಯಷ್ಟೂ ಬೆಲೆ ಇಲ್ಲ ಅಂದ್ರೆ ಆ ಮನೆಗೆ ಏನು ಅಂತ ಹೋಗ್ಲಿ?"

ಬಾಯಲ್ಲಿ ಹಾಗಂದರೂ ಶ್ರಾವಣ ಬರುತ್ತಿದ್ದಂತೆ ನನ್ನ ಕಿವಿ ಬಾಗಿಲಲ್ಲೇ ಇತ್ತು. ಪಂಚಮಿಗೆ ಕರೆಯಲು ಅಣ್ಣ ಒಂದು ವರ್ಷವೂ ತಪ್ಪಿಸಿದವನಲ್ಲ. ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಅಣ್ಣಂದಿರ ಜೊತೆ ಚೀಲ ಹಿಡಿದು ಹೋದರು. ನಮ್ಮ ಮನೆಗೆ ಯಾರೂ ಬರಲಿಲ್ಲ. ಪಕ್ಕದ ಕೊಟ್ರಮ್ಮ, "ನಿಮ್ಮಣ್ಣ ಇನ್ನೂ ಬಂದಿಲ್ಲೇನು?" ಎಂದು ಕೇಳಿದಾಗ, ರಜೆ ಸಿಕ್ಕಿಲ್ಲವಂತೆ ಎಂದೆ. ಕರೆಯದ ತವರಿಗೆ ಹೋಗುವುದಾದರೂ ಹೇಗೆ, ಹೋಗದಿದ್ದರೆ ಕಳ್ಳಿ ಎಂದು ಒಪ್ಪಿಕೊಂಡಂತೆ ಆಗುತ್ತದಲ್ಲ ಎಂದು ಒಳಗೊಳಗೇ ಕುದಿದೆ.

ಕುದಿದು ಸಾಕಾಗಿ ಆ ಎರಡು ಹಾಳೆಗಳನ್ನು ಬಿಡಿಸಿಕೊಂಡು ಕೂತೆ. ಅಣ್ಣ ಹೇಳಿಕೊಟ್ಟ ಮಾತನ್ನೇ ಹಿಡಿದೆ: ಒಂದು ಹೆಜ್ಜೆಯಲ್ಲಿ ಸುದ್ದಿ ಒಂದು ಮನೆಯನ್ನಷ್ಟೇ ದಾಟುತ್ತದೆ. ಹಾಗಾದರೆ ಬೆಳಗಿನ ಹಾಳೆಯಲ್ಲಿ ಎಲ್ಲೆಲ್ಲಿ ತಪ್ಪಿದೆಯೋ ಆ ಮನೆಗಳ ನಟ್ಟನಡುವೆಯೇ ಸುದ್ದಿ ಹುಟ್ಟಿರಬೇಕು. ತಪ್ಪು ಬಿದ್ದ ಮನೆಗಳಿಗೆ ಗೆರೆ ಎಳೆದೆ. ಎಲ್ಲವೂ ಒಂದು ಸಣ್ಣ ಚೌಕದೊಳಗೇ ಇದ್ದವು. ಅದರ ನಡುಮನೆಗೆ ಒಂದು ಹುಣಸೆಬೀಜ ಹೆಚ್ಚಿಗೆ ಇಟ್ಟು ನಿಯಮ ನಡೆಸಿದೆ. ಅಣ್ಣನ ಬೆಳಗಿನ ಚಿತ್ರ ಚಾಚೂ ತಪ್ಪದೆ ಮೂಡಿ ಬಂತು.

ಅಂದರೆ ಅಣ್ಣ ಎಣಿಸುವಾಗ ತಪ್ಪಿರಲಿಲ್ಲ. ಯಾವ ಅಡಿಕೆಯನ್ನೂ ಯಾರೂ ಸರಿಸಿಯೂ ಇರಲಿಲ್ಲ. ಹೊರಗಿನಿಂದ ಒಂದು ಅಡಿಕೆ ಬಂದು, ಬೇರೆ ಎರಡು ಅಡಿಕೆಗಳ ಮಗ್ಗುಲಿಗೆ ಕೂತಿತ್ತು. ಇಬ್ಬರು ನೆರೆಯವರು ಸಿಕ್ಕಿದ್ದರಿಂದ ಬದುಕಿತ್ತು. ಇಷ್ಟನ್ನು ಅಣ್ಣನೂ ಮಾಡಿ ನೋಡಬಹುದಿತ್ತು. ಕಳ್ಳಿ ಸಿಕ್ಕ ಮೇಲೆ ಹುಡುಕುವುದೇಕೆ ಎಂದು ಬಿಟ್ಟಿರಬೇಕು.

ಮೂಲೆಯ ಆ ಒಂಟಿ ಅಡಿಕೆ ನೆನಪಾಯಿತು. ಅದು ಬಂದದ್ದು ಜಯಂತಿಗೆ ಮುಂಚೆ, ನಾನು ನ್ಯಾಮತಿಯಲ್ಲಿದ್ದಾಗ. ಎರಡನ್ನೂ ಇಟ್ಟ ಕೈ ಒಂದೇ ಆದರೆ ಆ ಕೈ ಆ ಮನೆಯದೇ. ತಕ್ಷಣ ನನ್ನ ಅನುಮಾನ ಅತ್ತಿಗೆಯ ಮೇಲೆ ಹೋಯಿತು. ಗಂಡ ದಿನವೆಲ್ಲ ಹಲಗೆಗೆ ಅಂಟಿಕೊಂಡರೆ ಯಾವ ಹೆಂಡತಿಗೆ ಸಿಟ್ಟು ಬಾರದು? ಆಮೇಲೆ ಅಣ್ಣನ ಮೇಲೇ ಬಂತು. ಸಭೆಯಲ್ಲಿ ಮಾತಾಡಲು ಅಳುಕಿ, ತಾನೇ ಇಟ್ಟು ನನ್ನ ತಲೆಗೆ ಕಟ್ಟಿದನೋ? ಪಾಲಣ್ಣನನ್ನೂ ಬಿಡಲಿಲ್ಲ. ಅನುಮಾನ ಒಮ್ಮೆ ಮನೆ ಹೊಕ್ಕರೆ ಯಾರ ಪಕ್ಕದಲ್ಲಿ ಬೇಕಾದರೂ ಕೂರುತ್ತದೆ.

ಪಂಚಮಿಯ ಬೆಳಗ್ಗೆ ಹಾಳೆಗಳನ್ನು ಚೀಲಕ್ಕೆ ತುರುಕಿ, ಯಾರೂ ಕರೆಯದಿದ್ದರೂ ಹೊರಟೆ. ಹಬ್ಬಕ್ಕಲ್ಲ, ಅತ್ತಿಗೆಯನ್ನು ಎದುರಿಗೆ ನಿಲ್ಲಿಸಿ ಕೇಳಲು. ಯಜಮಾನರು ಮಗುವನ್ನೆತ್ತಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಬಂದು, ನಿಧಾನ ಮಾತಾಡು ಎಂದರು. ಆಗಲಿ ಎಂದೆ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನೇ ಜೋಡಿಸಿಕೊಂಡೆ.

ತವರಿನ ಅಂಗಳದಲ್ಲಿ ಹಬ್ಬದ ರಂಗೋಲಿ ಹಾಕಿತ್ತು. ಅವ್ವನ ಕೈ. ಚುಕ್ಕಿಗಳು ಸಾಲಿಗೆ ಸಾಲು, ಎಳೆಗಳು ಎಲ್ಲೂ ಬಿಡದಂತೆ ಸುತ್ತಿ ಬಂದಿದ್ದವು. ಒಂದು ಪಕ್ಕದಲ್ಲಿ ಮಾತ್ರ ಲೆಕ್ಕಕ್ಕೆ ಸೇರದ ಒಂದು ಚುಕ್ಕಿ. ಚಿಕ್ಕವಳಿದ್ದಾಗ ಆ ಹೆಚ್ಚಿನ ಚುಕ್ಕಿಯನ್ನು ನಾನು ಬೆರಳಿಂದ ಒರೆಸುತ್ತಿದ್ದೆ. ಅವ್ವ ಕೈ ಮೇಲೆ ಹೊಡೆದು ಮತ್ತೆ ಇಡುತ್ತಿದ್ದಳು. ಇಷ್ಟು ಚೆಂದ ಇದ್ರೆ ಕಣ್ಣು ಬೀಳ್ತದೆ, ಒಂದು ತಪ್ಪು ಇರ್ಲಿ ಅನ್ನುತ್ತಿದ್ದಳು.

ನಾನು ಅಲ್ಲೇ ನಿಂತುಬಿಟ್ಟೆ. ಜೋಡಿಸಿಕೊಂಡು ಬಂದ ಜಗಳವೆಲ್ಲ ಬಾಯಲ್ಲೇ ಆರಿಹೋಯಿತು.

ಅವ್ವ ಒಳಗೆ ತಂಬಿಟ್ಟಿನ ಉಂಡಿ ಕಟ್ಟುತ್ತಿದ್ದಳು. ಅಣ್ಣ ಕುರ್ಚಿಯಲ್ಲಿ ಕೂತು ಪೇಪರು ಓದುತ್ತಿದ್ದ. ನನ್ನನ್ನು ನೋಡಿ ಪೇಪರು ಇನ್ನಷ್ಟು ಮೇಲೆತ್ತಿದ. ಅವ್ವ ಮಾತ್ರ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಬಂದ್ಯಾ ಮಗಳೇ! ಮಗೀಗೆ ಜ್ವರ ಬಿಟ್ಟಿತೇನು?"

"ಯಾವ ಜ್ವರ ಅವ್ವ?"

ಪೇಪರು ಅಲುಗಾಡಿತು. ನಾನು ಅದನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟು, ಅವ್ವನ ಮುಂದೆ ಕೂತು ಕೇಳಿದೆ.

"ಅವ್ವ, ಅಣ್ಣನ ಹಲಗೆ ಮೇಲೆ ನೀನು ಅಡಿಕೆ ಇಟ್ಟಿದ್ಯೇನು?"

"ಹೂಂ, ಇಟ್ಟಿದ್ದೆ," ಎಂದಳು ಅವ್ವ, ಉಪ್ಪು ಹಾಕಿದ್ಯಾ ಎಂದು ಕೇಳಿದ್ದಕ್ಕೆ ಹೇಳುವಂತೆ. "ಆ ಕಲ್ಲೇಶಪ್ಪ, ಮಂಡಿ ಜನ, ಪೊಲೀಸಪ್ಪ, ಎಲ್ರೂ ಬಂದು ನೋಡೋರು. ಇವನು ನೋಡಿದ್ರೆ ಊಟಾನೂ ಬಿಟ್ಟು ಇಳಿದುಹೋಗಿದ್ದ. ಕಣ್ಣಾಗದೆ ಇನ್ನೇನಾಗ್ತದೆ? ದೀಪ ಹಚ್ಚಾಕೆ ಹೋದಾಗ ದೃಷ್ಟಿಗೆ ಅಂತ ಒಂದು ಅಡಿಕೆ ಮೂಲ್ಯಾಗೆ ಇಟ್ಟೆ. ಮಾರನೇ ದಿನ ನೋಡಿದ್ರೆ ಇರಲಿಲ್ಲ."

"ಆಮೇಲೆ?"

"ಒಂಟಿ ಇದ್ರೆ ಉಳಿಯಂಗಿಲ್ಲ, ಪಕ್ಕದಾಗೆ ಇಬ್ರು ಇರ್ಬೇಕು ಅಂತ ಇವನೇ ಹಾಲಸ್ವಾಮಿಗೆ ಹೇಳೋದು ಕೇಳಿದ್ದೆ. ಜಯಂತಿ ದಿನ ಕಲ್ಲೇಶಪ್ಪ ಅಷ್ಟು ದೊಡ್ಡದಾಗಿ ಹೊಗಳಿ ಹೋದ್ನಲ್ಲ, ನನಗೆ ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ದೀಪ ಹಚ್ಚಾಕೆ ಹೋದೋಳು ಇಬ್ರ ಮಗ್ಗುಲಾಗೆ ನೋಡಿ ಇಟ್ಟೆ. ಅವತ್ತು ಉಳೀತು. ನಾನು ಸಮಾಧಾನ ಆದೆ."

ಪೇಪರು ಕೆಳಗೆ ಬಂತು. ಅಣ್ಣನ ಮುಖ ಬಿಳಿಚಿಕೊಂಡಿತ್ತು.

"ಯಾಕೋ, ಏನಾತು ಅದ್ರಿಂದ?" ಎಂದಳು ಅವ್ವ.

ನಾನೇ ಹೇಳಿದೆ. ಆ ಅಡಿಕೆಯಿಂದ ಅಣ್ಣನ ಕೆಲಸವೆಲ್ಲ ಕೆಟ್ಟಿದ್ದು, ಅದನ್ನು ಇಟ್ಟವಳು ನಾನೇ ಎಂದು ಗೆಳೆಯರೆದುರು ಅಂದಿದ್ದು, ಪಂಚಮಿಗೆ ಕರೆಯದೇ ಇದ್ದದ್ದು. ಅವ್ವ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮಗನನ್ನು ನೋಡಿದಳು.

"ಅವಳ ಮಗೀಗೆ ಜ್ವರ, ಬರಾಕಾಗಲ್ಲ ಅಂದ್ಯಲ್ಲೋ ನನಗೆ? ಒಂದು ಮಾತು ನನ್ನ ಕೇಳಿದ್ರೆ ಹೇಳ್ತಿರ್ಲಿಲ್ಲೇನೋ?"

ಅಣ್ಣ ಪೇಪರು ಮಡಚಿದ. ನನ್ನ ಕಡೆ ತಿರುಗದೆಯೇ ಹೇಳಿದ.

"ಎಲ್ಲಾ ಕಡೆಯಿಂದ ಲೆಕ್ಕ ಹಾಕಿ ನೋಡಿದೆ ರುದ್ರಾಣಿ. ನೀನೇ ಅಂತ ಬಂತು."

"ನಿನ್ನ ಲೆಕ್ಕದಾಗೆ ಅವ್ವ ಇದ್ಲೇನು?"

"ಇಲ್ಲ. ಅವ್ವಗೆ ಇದ್ರ ತಲೆಬುಡ ಗೊತ್ತಿಲ್ಲ ಅನ್ಕೊಂಡಿದ್ದೆ."

"ಹೋಗ್ಲಿ. ನಾನು ಮುಟ್ಟಿಲ್ಲ ಅಂದಿದ್ನಲ್ಲ, ಆ ಮಾತಾದ್ರೂ ಇತ್ತೇನು?"

ಇರಲಿಲ್ಲ ಎಂದು ಹೇಳುವ ಧೈರ್ಯ ಅವನಿಗೆ ಬರಲಿಲ್ಲ. ನನಗೆ ಗೆದ್ದೆ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ.

ಅವ್ವನ ಮಾತಿಗೆ ಕೂತು ಉಂಡೆ. ಅತ್ತಿಗೆ ಕೈಹಿಡಿದು ಜೋಕಾಲಿಯ ಹತ್ತಿರ ಕರೆದಳು. ಅವಳ ಮೇಲೆ ನಾನು ಪಟ್ಟ ಅನುಮಾನ ಅವಳಿಗೇನು ಗೊತ್ತು? ಎರಡು ಜೀಕು ಜೀಕಿ ಇಳಿದೆ. ಸಂಜೆಯ ಬಸ್ಸಿಗೇ ಹೊರಡುತ್ತೇನೆ ಎಂದಾಗ ಅವ್ವ ಉಂಡಿ ಕಟ್ಟಿಕೊಟ್ಟಳು, ಇರು ಎನ್ನಲಿಲ್ಲ. ನನ್ನ ಹಟ ಅವಳಿಗೆ ಗೊತ್ತು. ಅಣ್ಣ ಆ ಕೋಣೆಯೊಳಗೆ ಹಲಗೆಯ ಮುಂದೆ ನಿಂತಿದ್ದ, ಹೊರಗೆ ಬರಲಿಲ್ಲ.

ಬಸ್ಸು ಹೊರಡುವ ಹೊತ್ತಿಗೆ ಯಾರೋ ಫುಟ್‌ಬೋರ್ಡಿಗೆ ಜಿಗಿದ ಸದ್ದಾಯಿತು. ನೋಡಿದರೆ ಅಣ್ಣ. ಏದುಸಿರು ಬಿಡುತ್ತ ಬಂದು ನನ್ನ ಸೀಟಿನ ಪಕ್ಕ ನಿಂತ. ಜಾಗವಿತ್ತು, ಆದರೂ ಕೂರಲಿಲ್ಲ.

"ಕರೆಯಾಕೆ ಬರ್ಲಿಲ್ಲ. ಬಿಡಾಕಾದ್ರೂ ಬರ್ತೀನಿ, ನ್ಯಾಮತಿಗಂಟ," ಎಂದ.

ನಾನು ಕಿಟಕಿಯ ಕಡೆಯೇ ನೋಡುತ್ತಿದ್ದೆ. ಬಸ್ಸು ಪೇಟೆ ದಾಟಿ ಬಯಲಿಗೆ ಬಂತು.

"ಹಲಗೆ ಒಳಗಿನ ಆ ಮನೆಗಳಿಗೆ ಯಾವತ್ತೂ ಗೊತ್ತಾಗಂಗಿಲ್ಲ ನೋಡು, ಹೊರಗಿಂದ ಒಂದು ಕೈ ಬಂದಿತ್ತು ಅಂತ. ಎಷ್ಟು ಲೆಕ್ಕ ಹಾಕಿದ್ರೂ ತಮ್ಮತಮ್ಮಲ್ಲೇ ಕಳ್ಳನ್ನ ಹುಡುಕ್ತವೆ," ಎಂದ. ಮುಂದಿನ ಸೀಟಿನ ಕಂಬಿ ಹಿಡಿದು, "ತಪ್ಪಾತು ರುದ್ರಾಣಿ. ಹಾಲಸ್ವಾಮಿಗೂ ಪಾಲಣ್ಣಗೂ ನಾನೇ ಹೋಗಿ ಹೇಳ್ತೀನಿ," ಎಂದ.

ನಾನು ತಿರುಗಿ ಅವನ ಮುಖ ನೋಡಿದೆ.

"ಅವ್ವ ಕಳಿಸಿದ್ಲೇನು?"

"ಇಲ್ಲ. ನಾನೇ ಬಂದೆ."

ಅವ್ವನೇ ಅಟ್ಟಿರಬಹುದು. ಗೆಳೆಯರೆದುರು ಮುಖ ಉಳಿಸಿಕೊಳ್ಳಲು ನನ್ನ ಸಹಾಯ ಬೇಕಾಗಿರಬಹುದು. ಜ್ವರದ ಸುಳ್ಳು ಹೇಳಿದ ಬಾಯಿ ಇದು. ಇಷ್ಟೆಲ್ಲ ನನ್ನ ತಲೆಯಲ್ಲಿ ಒಂದರ ಹಿಂದೊಂದು ಬಂದು ಹೋದವು, ಬಾರದೆ ಇರುತ್ತವೆಯೇ, ನಾನೂ ಅದೇ ಮನೆಯ ಮಗಳಲ್ಲವೇ. ಅವನು ಹೇಳಿದ್ದು ನಿಜವೋ ಸುಳ್ಳೋ ಎಂದು ತಾಳೆ ನೋಡಲು ಅಲ್ಲಿ ಯಾವ ಹಾಳೆಯೂ ಇರಲಿಲ್ಲ. ಅವನ ಮಾತೊಂದೇ ಇತ್ತು.

ನಂಬಿದೆ. ಕಿಟಕಿಯ ಕಡೆ ಸರಿದು ಅವನಿಗೆ ಜಾಗ ಬಿಟ್ಟೆ.